ಯಂತ್ರದೊಳಗೊಂದು ಹಳೆಯ ಯಂತ್ರ

ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲುಗೂಡಿಸುವ ಕೆಲಸವು ಕನ್ನಡ ನಾಡಿನ ಮುದ್ರಣಾಲಯಗಳಿಂದ ಮರೆಯಾಗುತ್ತ ಬಂದುದು 1990ರ ದಶಕದಲ್ಲಿ. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಹೊರಬಂದ ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ಸಂಶೋಧನ ಪ್ರಬಂಧಗಳು, ಶಾಲೆಗಳ ವಾರ್ಷಿಕ ವರದಿಗಳು ಬಹುಮಟ್ಟಿಗೆ ಗಣಕಯಂತ್ರದ ಮುಂದೆಯೇ ರೂಪು ತಳೆದವು. ಅಂಥ ಒಂದು ಸಂಚಿಕೆಯಲ್ಲಿನ ಲೇಖನವನ್ನು ಇಂದು ಪುನರ್ಮುದ್ರಿಸಬೇಕೆಂದು ಒಂದು ವಿದ್ಯಾಸಂಸ್ಥೆಯು ಬಯಸಿತೆನ್ನಿ. ಕಪಾಟಿನಲ್ಲಿ ಸಿ.ಡಿ. ಜೋಪಾನವಾಗಿದೆ, ಅದರ ಮೇಲೆ ಸಂಚಿಕೆಯ ಹೆಸರೂ ವರ್ಷವೂ ದುಂಡಾದ ಅಕ್ಷರಗಳಲ್ಲಿವೆ. ಸಿ.ಡಿ. ಓದುವ ಸಾಧನವನ್ನು ಎಲ್ಲಿಂದಲೋ ತಂದು ಹೊಸ ಯಂತ್ರಕ್ಕೆ ಜೋಡಿಸಿದರೆ ಕಡತದ ಹೆಸರೇನೋ ಕಾಣುತ್ತದೆ. ಆದರೆ ಕಡತವು ತೆರೆಯುವುದಿಲ್ಲ. ಹೇಗೋ ತೆರೆದರೂ ಕನ್ನಡದ ಬದಲು ರೋಮನ್ ಅಕ್ಷರಗಳು, ಪೌಂಡಿನ ಚಿಹ್ನೆಗಳು, ತಲೆಯ ಮೇಲೆ ಗೀಟು ಹೊತ್ತ ಯುರೋಪಿನ ಸ್ವರಗಳು ಕಲಸಿಹೋದ ರಾಶಿಯೊಂದು ಪರದೆಯ ಮೇಲೆ ಹರಡಿಕೊಳ್ಳುತ್ತದೆ. ಶತಮಾನಗಳ ಹಿಂದಿನ ತಾಳೆಗರಿಯನ್ನು ಹಳೆಯ ಲಿಪಿಯಲ್ಲಿ ಪರಿಶ್ರಮವುಳ್ಳವರು ಇಂದಿಗೂ ಓದಬಲ್ಲರು. ಇಪ್ಪತ್ತೈದು ವರ್ಷಗಳ ಹಿಂದಿನ ಸಿ.ಡಿ.ಯನ್ನು ಅದನ್ನು ಸಿದ್ಧಪಡಿಸಿದವರೇ ಓದಲಾರರು.

ಈ ಸಂಕಟಕ್ಕೆ ಪರಿಹಾರವಿಲ್ಲದಿಲ್ಲ. ಆ ಪರಿಹಾರವು ದುಬಾರಿಯದೂ ಅಲ್ಲ. ಕಾಲ ಮುಗಿದುಹೋದ ವಿಂಡೋಸ್ 98 ಅಥವಾ ವಿಂಡೋಸ್ ಎಕ್ಸ್‌ಪಿಯಂಥ ಕಾರ್ಯಾಚರಣ ವ್ಯವಸ್ಥೆಯನ್ನು ಇಂದಿನ ಗಣಕಯಂತ್ರದೊಳಗೆ, ‘ವರ್ಚುಯಲ್ ಮೆಷಿನ್’ ಎಂಬ ಕಲ್ಪಿತ ಯಂತ್ರವೊಂದರಲ್ಲಿ ಸ್ಥಾಪಿಸಿ ನಡೆಸುವುದೇ ಆ ಪರಿಹಾರ. ಆದರೆ ಈ ಉಪಾಯದ ಬಗೆಗೆ ಎರಡು ವಿಪರೀತ ಭಾವನೆಗಳು ಬೇರೂರಿವೆ. ಹಳೆಯದನ್ನು ಬದುಕಿಸುವುದು ವ್ಯರ್ಥವಾದ ಮೋಹವೆಂದು ಕೆಲವರು ಅದನ್ನು ತಳ್ಳಿಹಾಕುತ್ತಾರೆ. ಇನ್ನು ಕೆಲವರು, ಅದು ಸಿಕ್ಕಿತೆಂಬ ಧೈರ್ಯದಿಂದ, ನಿತ್ಯದ ಲೆಕ್ಕಪತ್ರವನ್ನೆಲ್ಲ ಅದರೊಳಗೇ ನಡೆಸುತ್ತ ಕಾಲ ಹಾಕುತ್ತಾರೆ. ಇವೆರಡೂ ಸರಿಯಲ್ಲ. ಹಳೆಯ ವ್ಯವಸ್ಥೆಯನ್ನು ಒಂದು ಕೋಣೆಯಲ್ಲಿರಿಸಿ, ಹೊರಬಾಗಿಲನ್ನು ಭದ್ರಪಡಿಸಿ, ಅದರೊಳಗಿನ ಬರಹವನ್ನು ತಪ್ಪಿಲ್ಲದೆ ಹೊರತರುವುದಕ್ಕೆಂದು ಅದನ್ನು ಕಾಪಾಡಿಕೊಳ್ಳಬೇಕು. ಅದು ವಾಸದ ಮನೆಯಾಗಬಾರದು, ವಾಚನಾಲಯವಾಗಬೇಕು.

ಕನ್ನಡದ ಮಟ್ಟಿಗೆ ಈ ಪ್ರಶ್ನೆಯು ಏಕೆ ಇಷ್ಟು ಗಂಭೀರವಾಯಿತೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಖಚಿತ ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಏರ್ಪಾಡಿನ ಮೊದಲ ಆವೃತ್ತಿಯು 1991ರಲ್ಲಿಯೇ ಪ್ರಕಟವಾಯಿತು. ಕನ್ನಡವೂ ಅದರಲ್ಲಿ ಸೇರಿತ್ತು. ಆದರೆ ಕಾಗದದ ಮೇಲಿನ ಏರ್ಪಾಡು ಮೇಜಿನ ಮೇಲಿನ ಯಂತ್ರಕ್ಕೆ ಇಳಿಯಲು ಹತ್ತು ವರ್ಷಗಳು ಬೇಕಾದವು. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಅಕ್ಷರಶೈಲಿ ದೊರೆತ ಮೇಲೆಯೇ ಸಾಮಾನ್ಯ ಬಳಕೆದಾರರಿಗೆ ಯೂನಿಕೋಡ್ ಕನ್ನಡವು ಕೈಗೆಟುಕಿದುದು. ಅಷ್ಟರೊಳಗಾಗಿ ನಾಡಿನ ಮುದ್ರಣ ಕಾರ್ಯವು ಬೇರೊಂದು ಹಾದಿಯನ್ನು ಹಿಡಿದಾಗಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ, 1998ರಲ್ಲಿ ಮೊದಲಾದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲವೂ ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿ ಕೆಲಸ ಸಾಗಿಸಿದವು. ಅದು ಅಂದಿನ ಕಾಲಕ್ಕೆ ಒದಗಿದ ಜಾಣ್ಮೆ. ಅದನ್ನು ಇಂದು ಹಳಿಯುವುದು ನ್ಯಾಯವಲ್ಲ. ಆ ಜಾಣ್ಮೆ ಇಲ್ಲದಿದ್ದರೆ ಆ ಇಪ್ಪತ್ತು ವರ್ಷಗಳ ಕನ್ನಡ ಮುದ್ರಣವು ಇಷ್ಟು ಸುಲಭವಾಗಿ ಸಾಗುತ್ತಿರಲಿಲ್ಲ.

ಆದರೆ ಅದರ ಒಳಗಿನ ಬಗೆಯನ್ನು ನೋಡಿ. ನುಡಿಯ ಸಂಕೇತಕ್ರಮದಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ, ಎರಡು ತುಂಡು. ತಲೆಕಟ್ಟಿಲ್ಲದ ‘ಕ’ದ ಒಡಲು ಇಂಗ್ಲಿಷಿನ ‘ಪಿ’ ಅಕ್ಷರದ ಸ್ಥಾನದಲ್ಲಿದೆ. ತಲೆಕಟ್ಟು ಮಾತ್ರ ಬೇರೆಯಾಗಿ, ಗೀಟು ಹೊತ್ತ ‘ಎ’ ಅಕ್ಷರದ ಸ್ಥಾನದಲ್ಲಿದೆ. ‘ನ’ಕಾರದ ಒಡಲು ಪೌಂಡಿನ ಚಿಹ್ನೆಯ ಜಾಗದಲ್ಲಿ ಕುಳಿತಿದೆ. ಅರ್ಕಾವತ್ತಿನ ಕಥೆಯಂತೂ ಇನ್ನೂ ಸ್ವಾರಸ್ಯದ್ದು. ‘ಧರ್ಮ’ ಎಂಬ ಮಾತಿನಲ್ಲಿ ರೇಫವು ಉಚ್ಚಾರದಲ್ಲಿ ಮಕಾರಕ್ಕಿಂತ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅದರ ಬಲಕ್ಕೆ ನಿಲ್ಲುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿದರೆ, ಹಳೆಯ ಅಕ್ಷರಶೈಲಿಗಳು ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿದವು. ಹೀಗಾಗಿ ಆ ಕಡತದಲ್ಲಿರುವುದು ಕನ್ನಡವಲ್ಲ, ಕನ್ನಡದಂತೆ ಕಾಣುವ ಚಿತ್ರಗಳ ಸಾಲು ಎಂದರೂ ಸಲ್ಲುತ್ತದೆ. ಆ ಚಿತ್ರಗಳನ್ನು ಬಿಡಿಸುವ ಅಕ್ಷರಶೈಲಿ, ಆ ಅಕ್ಷರಶೈಲಿಯನ್ನು ಅರಿತ ಪುಟವಿನ್ಯಾಸ ತಂತ್ರಾಂಶ, ಆ ತಂತ್ರಾಂಶವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ, ಈ ಮೂರೂ ಒಟ್ಟಿಗೆ ಇದ್ದರಷ್ಟೆ ಬರಹವು ಬರಹವಾಗಿ ತೋರುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಆ ರಾಶಿಯೇ.

ಆ ಕಾಲದ ಪುಟವಿನ್ಯಾಸವೆಂದರೆ ಪೇಜ್‌ಮೇಕರ್. 1985ರಲ್ಲಿ ಹುಟ್ಟಿದ ಈ ತಂತ್ರಾಂಶದ ಕೊನೆಯ ಪ್ರಧಾನ ಆವೃತ್ತಿಯಾದ ಏಳನೆಯದು 2001ರಲ್ಲಿ ಬಂದಿತು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕೆಲವು ಕಾಲ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿದ್ದಿತು. ಈಚಿನ ಆವೃತ್ತಿಗಳು ಅದನ್ನೂ ಬಿಟ್ಟುಬಿಟ್ಟಿವೆ. ಡಾಸ್ ಕಾಲದ ಶಾಲಾ ದಾಖಲೆಗಳ ಸ್ಥಿತಿಯೂ ಇಂಥದೇ. ಅವುಗಳಿಗಾಗಿ ಬರೆದ ಹದಿನಾರು ಬಿಟ್ಟಿನ ಕ್ರಮವಿಧಿಗಳನ್ನು ಅರವತ್ತನಾಲ್ಕು ಬಿಟ್ಟಿನ ವಿಂಡೋಸ್ ನಡೆಸುವುದಿಲ್ಲ, ಮತ್ತು 2021ರಲ್ಲಿ ಬಂದ ವಿಂಡೋಸ್ 11 ಅರವತ್ತನಾಲ್ಕು ಬಿಟ್ಟಿನ ರೂಪದಲ್ಲಲ್ಲದೆ ಬೇರೆ ರೂಪದಲ್ಲಿ ದೊರೆಯುವುದೇ ಇಲ್ಲ. ಹೊಸ ಯಂತ್ರಕ್ಕೆ ಹಳೆಯ ಮಾತು ತಿಳಿಯದಿರುವುದು ಕೆಟ್ಟುಹೋದುದರ ಲಕ್ಷಣವಲ್ಲ. ಅದನ್ನು ರಚಿಸಿದ ರೀತಿಯೇ ಹಾಗೆ.

ಇಲ್ಲಿಯೇ ಕಲ್ಪಿತ ಯಂತ್ರದ ಪ್ರಯೋಜನವು ಗೋಚರವಾಗುವುದು. ಅದರ ತತ್ವವು ಈಚಿನದೆಂದು ತಿಳಿಯುವುದು ತಪ್ಪು. ಅಮೆರಿಕದ ಐ.ಬಿ.ಎಂ. ಸಂಸ್ಥೆಯು 1964ರಲ್ಲಿ ತನ್ನ ಸಿಸ್ಟಮ್ 360 ಯಂತ್ರಗಳನ್ನು ಪ್ರಕಟಿಸಿದಾಗಲೇ ಈ ಪ್ರಶ್ನೆ ಎದುರಾಗಿತ್ತು. ಅದಕ್ಕೆ ಮೊದಲಿನ 1401 ಎಂಬ ಯಂತ್ರಕ್ಕಾಗಿ ಗಿರಾಕಿಗಳು ಬರೆಸಿದ್ದ ಕ್ರಮವಿಧಿಗಳು ಅಪಾರವಾಗಿದ್ದವು. ಅವನ್ನೆಲ್ಲ ಹೊಸದಾಗಿ ಬರೆಯಿರೆಂದರೆ ಹೊಸ ಯಂತ್ರವನ್ನು ಕೊಳ್ಳುವವರಾರು? ಆದಕಾರಣ ಹೊಸ ಯಂತ್ರವು ಹಳೆಯ ಯಂತ್ರದ ವೇಷವನ್ನು ಧರಿಸಿ ಅದರಂತೆಯೇ ನಡೆದುಕೊಳ್ಳುವ ಅನುಕೂಲವನ್ನು ಕಲ್ಪಿಸಲಾಯಿತು. ಮುಂದೆ ಮಸಾಚುಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಪಟ್ಟಣದಲ್ಲಿದ್ದ ಅದೇ ಸಂಸ್ಥೆಯ ವಿಜ್ಞಾನ ಕೇಂದ್ರದಲ್ಲಿ ಒಂದೇ ಯಂತ್ರವು ಹಲವು ಯಂತ್ರಗಳಂತೆ ತೋರುವ ವ್ಯವಸ್ಥೆಯೊಂದು 1967ರ ಹೊತ್ತಿಗೆ ಬಳಕೆಗೆ ಬಂದಿತು. 1972ರಲ್ಲಿ ಅದು ವಿ.ಎಂ. 370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂದಿತು. ಹಳೆಯ ಕಾರ್ಯಾಚರಣ ವ್ಯವಸ್ಥೆಯಿಂದ ಹೊಸದಕ್ಕೆ ಸಾಗುವ ಕಾಲದಲ್ಲಿ ಎರಡನ್ನೂ ಒಂದೇ ಯಂತ್ರದಲ್ಲಿ ನಡೆಸಿಕೊಳ್ಳಲು ಅನೇಕರು ಅದನ್ನು ಆಶ್ರಯಿಸಿದರು. ಸ್ಥಳಾಂತರದ ಕಾಲಕ್ಕೆ ಒದಗುವ ತಂಗುದಾಣ ಎಂಬುದೇ ಅಂದಿನಿಂದ ಇದರ ಒಂದು ಮುಖ್ಯ ಉಪಯೋಗವಾಗಿದೆ.

ಸಣ್ಣ ಗಣಕಯಂತ್ರಗಳಿಗೆ ಈ ಸೌಲಭ್ಯವು ಇಳಿದು ಬಂದುದು 1999ರಲ್ಲಿ, ವಿ.ಎಂ.ವೇರ್ ಕಂಪನಿಯ ಮೂಲಕ. 2005ರ ಕೊನೆಯಲ್ಲಿ ಇಂಟೆಲ್ ಕಂಪನಿಯು, ಮರುವರ್ಷ ಎ.ಎಂ.ಡಿ. ಕಂಪನಿಯು ತಮ್ಮ ಸಂಸ್ಕಾರಕ ಚಿಪ್ಪುಗಳಲ್ಲಿಯೇ ಇದಕ್ಕೆ ಬೇಕಾದ ಅನುಕೂಲವನ್ನು ಒದಗಿಸಿದವು. 2003ರಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಪ್ರಕಟಿಸಿದ ಕ್ಯೂಎಮು, 2007ರಲ್ಲಿ ಬಂದ ವರ್ಚುಯಲ್‌ಬಾಕ್ಸ್, ಇವೆರಡೂ ಬೆಲೆಯಿಲ್ಲದೆ ದೊರೆಯುತ್ತವೆ. ಶಾಲೆಯ ಪ್ರಯೋಗಾಲಯದಲ್ಲಿರುವ ಸಾಧಾರಣ ಯಂತ್ರವೊಂದು ಇವನ್ನು ನಿರಾಯಾಸವಾಗಿ ಹೊರಬಲ್ಲದು.

ಅದು ನಡೆಯುವ ಬಗೆ ಸರಳವಾದುದು. ಹೊರಗಿನ ಯಂತ್ರವು ಆತಿಥೇಯ, ಒಳಗಿನದು ಅತಿಥಿ. ಆತಿಥೇಯನು ತನ್ನ ಸ್ಮೃತಿಯಲ್ಲಿ ಒಂದಿಷ್ಟನ್ನು, ತನ್ನ ತಟ್ಟೆಯಲ್ಲಿ ಒಂದು ದೊಡ್ಡ ಕಡತವನ್ನು ಅತಿಥಿಗೆಂದು ಬಿಟ್ಟುಕೊಡುತ್ತಾನೆ. ಅತಿಥಿಯು ಆ ಕಡತವನ್ನೇ ತನ್ನ ಸ್ವಂತ ಹಾರ್ಡ್ ಡಿಸ್ಕ್ ಎಂದೂ, ಆ ಸ್ಮೃತಿಯನ್ನೇ ತನ್ನ ಸಮಸ್ತ ಸಂಪತ್ತೆಂದೂ ನಂಬಿ ಸಂಸಾರ ಹೂಡುತ್ತದೆ. ಅದಕ್ಕೆ ಹೆಚ್ಚು ಉಪಚಾರವೂ ಆಗಿಬರುವುದಿಲ್ಲ. ವಿಂಡೋಸ್ 98ಕ್ಕೆ 512 ಮೆಗಾಬೈಟಿಗೆ ಮೀರಿದ ಸ್ಮೃತಿಯನ್ನು ಕೊಟ್ಟರೆ ಅದು ತಡವರಿಸುತ್ತದೆ, 256 ಸಾಕು. ತಿದ್ದುಪಡಿ ಕಾಣದ ವಿಂಡೋಸ್ 95, ಸಂಸ್ಕಾರಕದ ವೇಗವು 2.1 ಗಿಗಾಹರ್ಟ್ಸನ್ನು ದಾಟಿದರೆ ಏಳುವ ಮೊದಲೇ ಮುಗ್ಗರಿಸುವುದುಂಟು. ಬಡತನದಲ್ಲಿ ಬೆಳೆದವರು ಔತಣದಲ್ಲಿ ಅಜೀರ್ಣಕ್ಕೆ ತುತ್ತಾಗುವಂತೆ ಎನ್ನಬಹುದು. ಈ ಏರ್ಪಾಡಿನ ದೊಡ್ಡ ಉಪಕಾರವೆಂದರೆ, ಅತಿಥಿಯ ಒಂದು ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಟ್ಟು, ಮುಂದೆ ಏನು ಕೆಟ್ಟರೂ ಆ ಕ್ಷಣಕ್ಕೆ ಹಿಂದಿರುಗಬಹುದು. ಇಡೀ ಯಂತ್ರವನ್ನು ಒಂದು ಕಡತದಂತೆ ನಕಲು ಮಾಡಿ ಮತ್ತೊಂದು ಕಡೆಯೂ ಇರಿಸಬಹುದು. ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಹಳೆಯ ಗಣಕಯಂತ್ರದಲ್ಲಿ ಒಂದು ಬಿಡಿಭಾಗ ಸುಟ್ಟರೆ ಅದಕ್ಕೆ ಬದಲಿ ದೊರೆಯುವುದಿಲ್ಲ. ಇಲ್ಲಿ ಸುಡುವುದಕ್ಕೆ ಏನೂ ಇಲ್ಲ.

ಹೊರದೇಶಗಳ ಅನುಭವವು ಇಲ್ಲಿ ಗಮನಾರ್ಹ. ಇಂಗ್ಲೆಂಡಿನ ಅರಸ ವಿಲಿಯಮ್ಮನು 1086ರಲ್ಲಿ ತನ್ನ ರಾಜ್ಯದ ಭೂಮಿ ಸೀಮೆಗಳನ್ನೆಲ್ಲ ಬರೆಯಿಸಿದ ಡೂಮ್ಸ್‌ಡೇ ಎಂಬ ಗ್ರಂಥಕ್ಕೆ ಒಂಬೈನೂರು ವರ್ಷ ತುಂಬಿದಾಗ, ಬಿ.ಬಿ.ಸಿ.ಯು 1986ರಲ್ಲಿ ಅದರ ನವೀನ ರೂಪವೊಂದನ್ನು ಹೊರತಂದಿತು. ನಾಡಿನ ಸಾವಿರಾರು ಶಾಲೆಗಳ ಮಕ್ಕಳು ತಮ್ಮ ಊರು, ಕೇರಿ, ದಿನಚರಿಗಳನ್ನು ಬರೆದು, ಚಿತ್ರ ತೆಗೆದು ಕಳುಹಿಸಿದರು. ಹತ್ತು ಲಕ್ಷಕ್ಕೂ ಮಿಗಿಲಾದ ಜನ ಕೈಗೂಡಿಸಿದ ಆ ಸಂಪತ್ತನ್ನು ಲೇಸರ್ ಬಿಲ್ಲೆಗಳಲ್ಲಿ ತುಂಬಿ, ಅದನ್ನೋದಲು ಬಿ.ಬಿ.ಸಿ. ಮಾಸ್ಟರ್ ಎಂಬ ವಿಶಿಷ್ಟ ಗಣಕಯಂತ್ರವನ್ನು ನಿಯಮಿಸಲಾಯಿತು. ಹದಿನೈದು ವರ್ಷಗಳು ಕಳೆಯುವಷ್ಟರಲ್ಲಿ ಆ ಬಿಲ್ಲೆಯನ್ನು ಓದುವ ಯಂತ್ರಗಳು ವಿರಳವಾಗಿಹೋದವು. ಚರ್ಮದ ಹಾಳೆಯ ಮೇಲಿನ 1086ರ ಬರಹವು ಲಂಡನ್ನಿನಲ್ಲಿ ಸ್ವಸ್ಥವಾಗಿದ್ದಿತು, 1986ರದು ಮೂಕವಾಗಿದ್ದಿತು. ಕೊನೆಗೆ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2002ರಲ್ಲಿ ಆ ಹಳೆಯ ಯಂತ್ರವನ್ನು ಹೊಸ ಯಂತ್ರದೊಳಗೆ ಅನುಕರಿಸಿ, ಬಿಲ್ಲೆಗಳ ಒಳಗನ್ನು ಮತ್ತೆ ತೋರಿಸಿದರು. ಮಕ್ಕಳು ಬರೆದ ಭಾಗವು 2011ರಲ್ಲಿ ಅಂತರ್ಜಾಲದಲ್ಲಿಯೂ ಪ್ರಕಟವಾಯಿತು. 2018ರಲ್ಲಿ ಆ ಜಾಲತಾಣವೂ ಮುಚ್ಚಿತು; ಅದರ ಪ್ರತಿಯನ್ನು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರವು ಉಳಿಸಿಕೊಂಡಿದೆ. ಇಷ್ಟು ದೊಡ್ಡ ಸಂಸ್ಥೆಗಳೇ ಇಷ್ಟು ಪಾಡು ಪಡಬೇಕಾಯಿತೆಂದ ಮೇಲೆ ಸಾಧಾರಣ ವಿದ್ಯಾಶಾಲೆಯ ಕಪಾಟಿನ ಪಾಡೇನು?

ಇನ್ನೊಂದು ನಿದರ್ಶನವು ಅಮೆರಿಕದ ಎಮರಿ ವಿಶ್ವವಿದ್ಯಾಲಯದ್ದು. ಕಾದಂಬರಿಕಾರ ಸಲ್ಮಾನ್ ರಶ್ದಿಯವರ ಕಾಗದಪತ್ರಗಳೊಂದಿಗೆ ಅವರ ಹಳೆಯ ಮ್ಯಾಕಿಂಟಾಷ್ ಗಣಕಯಂತ್ರಗಳೂ ಅಲ್ಲಿಗೆ ಸೇರಿದ್ದವು. 2010ರಲ್ಲಿ ಆ ಸಂಗ್ರಹವನ್ನು ತೆರೆದಾಗ, ಅವುಗಳಲ್ಲೊಂದಾದ ಪರ್ಫಾರ್ಮಾ 5400 ಎಂಬ ಯಂತ್ರವನ್ನು ಇಡಿಯಾಗಿ ಅನುಕರಿಸಿ, ಲೇಖಕನು ಕಂಡ ಪರದೆಯನ್ನೇ ಓದುಗನೂ ಕಾಣುವಂತೆ ಏರ್ಪಡಿಸಲಾಯಿತು. ಕಡತದೊಳಗಿನ ಮಾತುಗಳಷ್ಟೇ ಅಲ್ಲ, ಯಾವ ಮಾತು ಯಾವ ಕೋಶದಲ್ಲಿ ಯಾವುದರ ಪಕ್ಕದಲ್ಲಿ ಇದ್ದಿತೆಂಬುದೂ ಚರಿತ್ರೆಯೇ ಎಂಬ ದೃಷ್ಟಿ ಅಲ್ಲಿ ಕೆಲಸ ಮಾಡಿದೆ.

ಇಷ್ಟಾದರೂ ಆಕ್ಷೇಪಗಳಿಲ್ಲದೆ ಇಲ್ಲ. ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಧಾರಾಳವಾಗಿ ದೊರೆಯುತ್ತಿರುವಾಗ ಸತ್ತ ವ್ಯವಸ್ಥೆಯನ್ನು ಎಬ್ಬಿಸಿ ಕೂರಿಸುವುದೇಕೆ ಎಂಬುದು ಮೊದಲನೆಯ ಆಕ್ಷೇಪ. ಡಿಜಿಟಲ್ ದಾಖಲೆಗಳ ಉಳಿವಿಗೆ ಅನುಕರಣೆಯೇ ದಾರಿಯೆಂದು ಜೆಫ್ ರಾಥೆನ್‌ಬರ್ಗ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ವಾದಿಸಿದಂದಿನಿಂದ ಪರಿವರ್ತನೆಯ ಪಕ್ಷಕ್ಕೂ ಅನುಕರಣೆಯ ಪಕ್ಷಕ್ಕೂ ಈ ಚರ್ಚೆ ನಡೆದೇ ಇದೆ. ವಿಚಾರ ಮಾಡಿದರೆ ಇವೆರಡೂ ಪ್ರತಿಪಕ್ಷಗಳೇ ಅಲ್ಲ. ಪರಿವರ್ತನೆ ಅವಶ್ಯವಾದುದೇ, ಹುಡುಕಲು, ಉದ್ಧರಿಸಲು, ಮರುಮುದ್ರಿಸಲು ಯೂನಿಕೋಡ್ ಪಠ್ಯವೇ ಬೇಕು. ಆದರೆ ಪರಿವರ್ತನೆ ಸರಿಯಾಯಿತೆ ಎಂದು ಹೇಳುವ ಸಾಕ್ಷಿ ಯಾರು? ಮೇಲೆ ಹೇಳಿದ ಅರ್ಕಾವತ್ತನ್ನು ಸಾಧನವು ಹಿಂದಕ್ಕೆ ಸಾಗಿಸುವಾಗ ಒಂದು ಅಕ್ಷರ ಹೆಚ್ಚು ಸಾಗಿಸಿದರೆ ಪದವೇ ಬೇರೆಯಾಗುತ್ತದೆ. ಲೇಖನದ ನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನು ಅದು ಕನ್ನಡವೆಂದು ಭ್ರಮಿಸಿ ವಿಚಿತ್ರವಾದ ಒತ್ತಕ್ಷರಗಳನ್ನು ಸೃಷ್ಟಿಸುತ್ತದೆ, ಏಕೆಂದರೆ ಯಾವ ಮಾತು ಯಾವ ಅಕ್ಷರಶೈಲಿಯಲ್ಲಿದ್ದಿತೆಂಬ ಸೂಚನೆಯು ಬರಿಯ ಪಠ್ಯವನ್ನು ಎತ್ತಿಕೊಳ್ಳುವಾಗಲೇ ಕಳೆದುಹೋಗಿರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಹಳೆಯ ಪುಟವು ಇದ್ದಂತೆಯೇ ತೆರೆದುಕೊಂಡಿದ್ದರೆ, ಕರಡು ತಿದ್ದುವವರು ಎಡಗಣ್ಣಿಗೆ ಮೂಲವನ್ನೂ ಬಲಗಣ್ಣಿಗೆ ಪರಿವರ್ತಿತ ಪಾಠವನ್ನೂ ಇಟ್ಟುಕೊಂಡು ನೋಡಬಹುದು. ಓಲೆಯಿಂದ ಓಲೆಗೆ ಪ್ರತಿ ಮಾಡಿಕೊಂಡ ಮೇಲೆಯೂ ಮೂಲದ ಕಟ್ಟನ್ನು ಕೂಡಲೇ ಬಿಸುಡದೆ ಇಟ್ಟುಕೊಂಡವರ ವಿವೇಕ ಇದೇ ಅಲ್ಲವೆ?

ಮುದ್ರಿತ ಪುಸ್ತಕವಿರುವಾಗ ಅದನ್ನೇ ಛಾಯಾಪ್ರತಿ ಮಾಡಿ ಯಂತ್ರದಿಂದ ಓದಿಸಿದರಾಗದೆ ಎಂಬುದು ಎರಡನೆಯ ಆಕ್ಷೇಪ. ಆಗುತ್ತದೆ, ಪುಸ್ತಕವಿದ್ದರೆ, ಪುಟಗಳು ಮಾಸದಿದ್ದರೆ, ಒತ್ತಕ್ಷರಗಳನ್ನು ಯಂತ್ರವು ಸರಿಯಾಗಿ ಗುರುತಿಸಿದರೆ. ಆದರೆ ಮುದ್ರಿತವಾದುದೆಲ್ಲ ಕಡತದಲ್ಲಿದೆ, ಕಡತದಲ್ಲಿದ್ದುದೆಲ್ಲ ಮುದ್ರಿತವಾಗಿಲ್ಲ. ಸ್ಥಳಾಭಾವದಿಂದ ಕೈಬಿಟ್ಟ ಲೇಖನ, ಮೊಟಕುಗೊಳ್ಳುವ ಮುಂಚಿನ ಭಾಷಣದ ಪೂರ್ಣಪಾಠ, ಹಳೆಯ ವಿದ್ಯಾರ್ಥಿಗಳ ವಿಳಾಸಪಟ್ಟಿ, ದಾಖಲಾತಿ ಪುಸ್ತಕಗಳು, ನಿವೃತ್ತ ಶಿಕ್ಷಕರೊಬ್ಬರು ಬರೆದಿಟ್ಟ ಸ್ಥಳಚರಿತ್ರೆ, ಇವೆಲ್ಲ ಆ ಬಿಲ್ಲೆಗಳ ಹೊರತು ಬೇರೆಲ್ಲಿಯೂ ಇಲ್ಲದಿರುವುದು ಸಾಧ್ಯ.

ಮೂರನೆಯ ಆಕ್ಷೇಪವೇ ತೂಕವುಳ್ಳದ್ದು. ಹಳೆಯ ವ್ಯವಸ್ಥೆಯು ಅಪಾಯಕಾರಿ ಎಂಬುದು ಅದು. ವಿಂಡೋಸ್ 98ಕ್ಕೆ 2006ರ ಜುಲೈಯಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ತಯಾರಕರ ರಕ್ಷಣೆ ನಿಂತುಹೋಯಿತು. ಆಮೇಲೆ ಕಂಡ ಬಿರುಕುಗಳನ್ನು ಮುಚ್ಚುವವರಿಲ್ಲ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಮಾರಿಯು ಜಗತ್ತನ್ನು ವ್ಯಾಪಿಸಿ, ಇಂಗ್ಲೆಂಡಿನ ಆಸ್ಪತ್ರೆಗಳವರೆಗೂ ಕಡತಗಳಿಗೆ ಬೀಗ ಜಡಿದು ಹಣ ಕೇಳಿದಾಗ, ಮೂರು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಕಂಪನಿಯು ಒಂದು ತೇಪೆಯನ್ನು ಹೊರಡಿಸಬೇಕಾಯಿತು. ಕಲ್ಪಿತ ಯಂತ್ರದಲ್ಲಿಟ್ಟ ಮಾತ್ರಕ್ಕೆ ಈ ದೌರ್ಬಲ್ಯವು ನೀಗುವುದಿಲ್ಲ. ಮುದುಕನನ್ನು ಹೊಸ ಮನೆಗೆ ಕರೆತಂದರೆ ಅವನ ಕೆಮ್ಮು ಹೊಸತಾಗುವುದಿಲ್ಲ. ಗೋಡೆಯನ್ನೂ ಪೂರ್ಣವಾಗಿ ನಂಬುವಂತಿಲ್ಲ. ಕ್ಯೂಎಮುವಿನೊಳಗೆ ಫ್ಲಾಪಿ ತಟ್ಟೆಯನ್ನು ಅನುಕರಿಸುವ ಭಾಗದಲ್ಲಿ ಬಿರುಕೊಂದಿದ್ದು, ಅದರ ಮೂಲಕ ಅತಿಥಿಯು ಆತಿಥೇಯನ ಮನೆಗೇ ನುಗ್ಗಲು ಸಾಧ್ಯವಿತ್ತೆಂಬುದು 2015ರಲ್ಲಿ ಬೆಳಕಿಗೆ ಬಂದಿತು. ಜಗತ್ತು ಮರೆತೇಬಿಟ್ಟ ಫ್ಲಾಪಿಯ ಬಾಗಿಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ತೆರೆದೇ ಇದ್ದಿತು!

ಆದುದರಿಂದ ಈ ಅತಿಥಿಗೆ ಕೆಲವು ಕಟ್ಟುಪಾಡುಗಳು ಅನಿವಾರ್ಯ. ಅದಕ್ಕೆ ಅಂತರ್ಜಾಲದ ಸಂಪರ್ಕವೇ ಕೂಡದು. ಕಲ್ಪಿತ ಯಂತ್ರದ ಸಿದ್ಧತೆಯಲ್ಲಿಯೇ ಜಾಲದ ಸಾಧನವನ್ನು ತೆಗೆದುಹಾಕಬೇಕು. ಹಳೆಯ ಕಡತಗಳನ್ನು ಒಂದು ಸಿ.ಡಿ.ಯ ಪ್ರತಿರೂಪವಾಗಿ ಕಟ್ಟಿ ಒಳಕ್ಕೆ ಕೊಡುವುದು ಕ್ಷೇಮ, ಏಕೆಂದರೆ ಅದರ ಮೇಲೆ ಅತಿಥಿಯು ಏನನ್ನೂ ಬರೆಯಲಾರದು. ಎರಡೂ ಕಡೆ ತೆರೆದ ಹಂಚಿಕೆಯ ಕೋಶವು ಅನುಕೂಲವಾದುದೇ ಆದರೂ, ಸೋಂಕು ದಾಟುವುದೂ ಅದೇ ದಾರಿಯಲ್ಲಿ. ಹೊರತರುವಾಗ ಪುಟಗಳನ್ನು ಪೋಸ್ಟ್‌ಸ್ಕ್ರಿಪ್ಟ್ ಕಡತವಾಗಿ ‘ಮುದ್ರಿಸಿ’, ಹೊರಗಿನ ಯಂತ್ರದಲ್ಲಿ ಪಿ.ಡಿ.ಎಫ್. ಮಾಡಿಕೊಳ್ಳುವುದು ಬಹುಕಾಲದಿಂದ ಪರೀಕ್ಷೆಗೆ ನಿಂತ ಹಾದಿ. ಇಲ್ಲೊಂದು ಮೋಸವಿದೆ, ಎಚ್ಚರಿಸಲೇಬೇಕು. ಹೀಗೆ ಪಡೆದ ಪಿ.ಡಿ.ಎಫ್. ಕಣ್ಣಿಗೆ ಚೆಲುವಾದ ಕನ್ನಡವಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ, ಒಂದು ವಾಕ್ಯವನ್ನು ಎತ್ತಿ ಬೇರೆಡೆ ಇಟ್ಟರೆ ಮತ್ತದೇ ಪೌಂಡಿನ ಚಿಹ್ನೆಗಳು. ಕನ್ನಡ ಪುಸ್ತಕಗಳನ್ನು ಡಿಜಿಟಲೀಕರಿಸಿ ಮುಗಿಸಿದೆವೆಂದು ಹೆಮ್ಮೆಪಡುವ ಸಂಸ್ಥೆಗಳು ಈ ಒಂದು ಪರೀಕ್ಷೆಯನ್ನು ಮಾಡಿ ನೋಡುವುದು ಒಳ್ಳೆಯದು. ಪಿ.ಡಿ.ಎಫ್. ಸಾಕ್ಷಿಯಾಗಿರಲಿ, ಅದರ ಜೊತೆಗೆ ಯೂನಿಕೋಡ್ ಪಾಠವೂ ಸಿದ್ಧವಾಗಲಿ.

ನಿತ್ಯದ ವ್ಯವಹಾರವನ್ನು ಇಂಥ ಯಂತ್ರದಲ್ಲಿ ನಡೆಸಬಾರದೆಂಬುದಕ್ಕೆ ಕಾರಣವೂ ಇದರಲ್ಲಿಯೇ ಅಡಗಿದೆ. ಹೊಸ ತಂತ್ರಾಂಶವನ್ನು ಕಲಿಯುವ ಶ್ರಮಕ್ಕೆ ಹೆದರಿ, ಶುಲ್ಕದ ಲೆಕ್ಕವನ್ನೂ ಗ್ರಂಥಾಲಯದ ಪಟ್ಟಿಯನ್ನೂ ಎಕ್ಸ್‌ಪಿಯೊಳಗೇ ಮುಂದುವರಿಸುವ ಕಚೇರಿಗಳಲ್ಲಿ ಪ್ರತಿದಿನವೂ ಹೊಸ ದಾಖಲೆಗಳು ಹಳೆಯ ಸೆರೆಗೆ ಸೇರುತ್ತಲೇ ಹೋಗುತ್ತವೆ. ಬಿಡುಗಡೆಗೆಂದು ಕಟ್ಟಿದ ಮನೆಯು ಬಂದೀಖಾನೆಯಾಗುತ್ತದೆ. ಮೈಕ್ರೋಸಾಫ್ಟ್ ಕಂಪನಿಯೇ 2009ರಲ್ಲಿ ವಿಂಡೋಸ್ 7ರ ಮೇಲ್ದರ್ಜೆಯ ಆವೃತ್ತಿಗಳಿಗೆ ‘ಎಕ್ಸ್‌ಪಿ ಮೋಡ್’ ಎಂಬ ಹೆಸರಿನಲ್ಲಿ ಇಂಥದೇ ಕಲ್ಪಿತ ಯಂತ್ರವನ್ನು ಪರವಾನಗಿ ಸಮೇತ ಒದಗಿಸಿದ್ದಿತು. ಸ್ಥಳಾಂತರಕ್ಕೆಂದು ಕೊಟ್ಟ ಆ ಅವಕಾಶದ ರಕ್ಷಣೆಯೂ 2014ರಲ್ಲಿ ಎಕ್ಸ್‌ಪಿಯೊಂದಿಗೇ ಮುಗಿಯಿತು. ಪರವಾನಗಿಯ ಮಾತನ್ನು ಇತರರೂ ಮರೆಯುವಂತಿಲ್ಲ. ಹಳೆಯ ಯಂತ್ರದೊಡನೆ ಬಂದ ವಿಂಡೋಸ್ ಅನೇಕ ವೇಳೆ ಆ ಯಂತ್ರಕ್ಕೆ ಮಾತ್ರವೇ ಸಲ್ಲುವಂಥದು. ಬಿಡಿಯಾಗಿ ಕೊಂಡ ಪ್ರತಿಯಿದ್ದರೆ ಅದರ ತಟ್ಟೆಯನ್ನೂ ಸಂಖ್ಯೆಯನ್ನೂ ರಸೀತಿಯನ್ನೂ ಒಟ್ಟಿಗೆ ಕಾದಿಡಬೇಕು.

ತೊಡಕುಗಳು ಇನ್ನೂ ಇವೆ. ಕೆಲವು ಕನ್ನಡ ತಂತ್ರಾಂಶಗಳು ಯಂತ್ರದ ಹಿಂಬದಿಗೆ ಸಿಕ್ಕಿಸುವ ‘ಡಾಂಗಲ್’ ಎಂಬ ಬೀಗದ ತುಣುಕಿಲ್ಲದೆ ಕೆಲಸ ಮಾಡುವುದಿಲ್ಲ. ಮುದ್ರಕಕ್ಕೆ ಮೀಸಲಾದ ಹಳೆಯ ಮಾದರಿಯ ಕಿಂಡಿಗೆ ಜೋಡಿಸುವ ಡಾಂಗಲ್ ಆಗಿದ್ದರಂತೂ ಅಂಥ ಕಿಂಡಿಯೇ ಹೊಸ ಯಂತ್ರಗಳಲ್ಲಿ ಅಪರೂಪ. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳ ಬಣ್ಣದ ಲೇಪವು ಕಾಲಕ್ರಮದಲ್ಲಿ ಮಾಸುತ್ತದೆ. ಫ್ಲಾಪಿಯ ಕಾಂತಶಕ್ತಿ ಕುಂದುತ್ತದೆ. ಕಲ್ಪಿತ ಯಂತ್ರವೂ ಅಮರವಲ್ಲ. 2020ರಲ್ಲಿ ಆಪಲ್ ಕಂಪನಿಯ ಗಣಕಯಂತ್ರಗಳು ಬೇರೊಂದು ಜಾತಿಯ ಸಂಸ್ಕಾರಕಕ್ಕೆ ಹೊರಳಿದ ಮೇಲೆ, ಇಂಟೆಲ್ ಮಾದರಿಗೆಂದು ಬರೆದ ಹಳೆಯ ವಿಂಡೋಸನ್ನು ಅಲ್ಲಿ ನಡೆಸಬೇಕಾದರೆ ಒಂದೊಂದು ಆಜ್ಞೆಯನ್ನೂ ಅನುವಾದಿಸಬೇಕಾಗಿದೆ. ಅದು ಸಾಧ್ಯವಿದೆ, ಆದರೆ ನಿಧಾನ. ಅಂತೂ ಈ ಕೆಲಸಕ್ಕೆ ಅವಧಿಯೊಂದುಂಟು, ಅದು ಮುಂದೆಂದೋ ಆಗಲೆಂದು ಬಿಡುವಂಥದಲ್ಲ.

ವಿದ್ಯಾಸಂಸ್ಥೆಗಳಿಗೆ ಹೊಸ ಗಣಕಯಂತ್ರಗಳನ್ನು ಕೊಡಿಸುವ ದಾನಿಗಳಿಗೆ ಕೊರತೆಯಿಲ್ಲ. ಅವರ ಔದಾರ್ಯವು ಪ್ರಶಂಸನೀಯ. ಹೊಸ ಯಂತ್ರಗಳು ಬಂದ ದಿನ ಹಳೆಯವು ಗುಜರಿಗೆ ಹೋಗುತ್ತವೆ, ಅವುಗಳ ತಟ್ಟೆಯಲ್ಲಿ ಏನಿದ್ದಿತೆಂದು ಆ ಸಡಗರದಲ್ಲಿ ಕೇಳುವವರಿರುವುದಿಲ್ಲ. ಹಳೆಯ ಕಡತಗಳನ್ನು ತೆರೆದು ಪರಿಶೀಲಿಸುವ ಕೆಲಸಕ್ಕೆ ಕರಡು ತಿದ್ದಬಲ್ಲ ಕನ್ನಡ ಅಧ್ಯಾಪಕರೊಬ್ಬರು, ಯಂತ್ರದ ಅಭ್ಯಾಸವಿರುವ ತರುಣರೊಬ್ಬರು, ಕೆಲವು ತಿಂಗಳ ಕಾಲ, ಒಬ್ಬ ದಾನಿಯ ಅಲ್ಪ ನೆರವು, ಇಷ್ಟು ಸಾಕು. ಇದರಲ್ಲಿ ಫಲಕದ ಮೇಲೆ ಹೆಸರು ಕೆತ್ತಿಸುವಂಥ ವಸ್ತುವಿಲ್ಲವೆಂಬುದೊಂದೇ ಕೊರತೆ. ಊರೂರಿನ ಮುದ್ರಣಾಲಯಗಳಲ್ಲಿ, ಡಿ.ಟಿ.ಪಿ. ಕೇಂದ್ರಗಳಲ್ಲಿ ದುಡಿದ ಹಳೆಯ ವಿದ್ಯಾರ್ಥಿಗಳು ಇದಕ್ಕೆ ಎಲ್ಲರಿಗಿಂತ ಹೆಚ್ಚು ಒದಗಬಲ್ಲವರು. ಯಾವ ಸಂಚಿಕೆ ಯಾವ ತಂತ್ರಾಂಶದಲ್ಲಿ, ಯಾವ ಅಕ್ಷರಶೈಲಿಯಲ್ಲಿ, ಅದರ ಎಷ್ಟನೆಯ ಆವೃತ್ತಿಯಲ್ಲಿ ಜೋಡಣೆಯಾಯಿತೆಂಬುದು ಯಾವ ದಫ್ತರಿನಲ್ಲಿಯೂ ಬರೆದಿಲ್ಲ. ಅದು ಅವರ ನೆನಪಿನಲ್ಲಿದೆ. ಅವರಲ್ಲಿ ಅನೇಕರು ಈಗಾಗಲೇ ನಿವೃತ್ತಿಯ ವಯಸ್ಸಿನವರು. ಅವರನ್ನು ಕರೆದು ಕೂರಿಸಿ, ಕೇಳಿ, ಉತ್ತರವನ್ನು ಒಂದು ಹಾಳೆಯ ಮೇಲೆ ಮಸಿಯಲ್ಲಿ ಬರೆದು, ಸಿ.ಡಿ.ಯೂ ಡಾಂಗಲ್ಲೂ ಇರುವ ಅದೇ ಪೆಟ್ಟಿಗೆಯಲ್ಲಿ ಇರಿಸುವುದರಿಂದ ಕೆಲಸವನ್ನು ಆರಂಭಿಸಬಹುದು. ಅದಕ್ಕೆ ವಿದ್ಯುತ್ತೂ ಬೇಡ.